ಇಲ್ಲೆ ಅಂದರೆ ಇಲ್ಲೇ

ಶಿರಸಿಯ ನಾನು, ಸಿದ್ದಾಪುರದ ನನ್ನ ತಂಗಿ, ಅವಳ ಗಂಡ ಅಂದರೆ ನನ್ನ ಭಾವ, ಮೂವರೂ ರಾಜಸ್ಥಾನದ ಮರಳುಗಾಡಿನಲ್ಲಿ, ನಮಗೆ ಯಾವ ಕೆಲಸವೂ ಇಲ್ಲದ ಒಂದು ಒರಟು ಊರಿನಲ್ಲಿ ಇಳಿದದ್ದು ಯಾಕೆ? ಹೇಳಿ ನೋಡೋಣ. ಟಯರು ಪಂಕ್ಚರೇ? ಅಲ್ಲ. ಡೀಸೆಲ್ ಖಾಲಿಯೇ? ಅಲ್ಲ. ದಾರಿ ತಪ್ಪಿತೇ? ಅದೂ ಅಲ್ಲ. ಬಿಡಿ, ನಿಮ್ಮಿಂದಾಗದು. ನಾನು ಮನೆಯಿಂದ ಹೊರಗೆ ಕಾಲಿಟ್ಟರೆ ಇಂಥದ್ದೊಂದು ಆಗಿಯೇ ತೀರುತ್ತದೆ, ಹಾಗಾಗಿ ನಾನೇ ಹೇಳುತ್ತೇನೆ.

ಮುಂದೆ ಊರು ಉಂಟೋ

ನಿವೃತ್ತನಾದ ಹೊಸತು. ಹಿಂದೆ ಒಂಟೆಗಳ ಸಾಲು ಸಿಂಧ್ ಪ್ರಾಂತಕ್ಕೆ ಸಾಮಾನು ಹೊತ್ತು ಹೋಗುತ್ತಿದ್ದ ಹಳೇ ದಾರಿಯಲ್ಲೇ ಜೈಸಲ್ಮೇರಿಗೆ ಹೋಗಬೇಕೆಂದು ನನ್ನ ಹಟ. ಕಾಲೇಜಿನಲ್ಲಿ ಇತಿಹಾಸ ಓದಿದ್ದರ ಫಲ, ಇನ್ನೇನು. ಬಾಡಿಗೆಗೆ ಒಂದು ಟ್ರ್ಯಾಕ್ಸ್ ಗೊತ್ತುಮಾಡಿದೆವು. ಡ್ರೈವರು ಹಾವೇರಿ ಕಡೆಯವನು. ಬಲು ಒಳ್ಳೆಯ ಮನುಷ್ಯ, ಆದರೆ ನಮ್ಮ ಮನೆಮಾತು ಅವನಿಗೆ ಹೊಸದು.

ನಮ್ಮಲ್ಲಿ ‘ಇಲ್ಲೆ’ ಅಂದರೆ ಇಲ್ಲ. ಅವನಿಗೆ ‘ಇಲ್ಲೇ’ ಅಂದರೆ ಇದೇ ಜಾಗ.

ಯಲ್ಲಾಪುರದಲ್ಲೇ ಇದರ ರುಚಿ ಸಿಕ್ಕಿತ್ತು. “ಯಾರರ ಇಳಿಯವ್ರು ಅದಾರೇನ್ರಿ?” ಎಂದು ಅವನು ಕೇಳಿದ. ಭಾವ “ಇಲ್ಲೆ, ಇಲ್ಲೆ” ಎಂದ. ಅವನು ಗಕ್ಕನೆ ನಿಲ್ಲಿಸಿ, ಇಳಿದು ಬಂದು, ಬಾಗಿಲು ತೆಗೆದು ನಿಂತ. ನಾವು ನಕ್ಕೆವು. ಅವನಿಗೆ ಅರ್ಥ ಬಿಡಿಸಿ ಹೇಳಬೇಕಿತ್ತು. ನಗುವ ಗಡಿಬಿಡಿಯಲ್ಲಿ ಅದೊಂದು ಉಳಿದುಹೋಯಿತು.

ಮರಳುಗಾಡಿನಲ್ಲಿ ಭಾವ ತೊಡೆಯ ಮೇಲೆ ನಕ್ಷೆ ಹರಡಿಕೊಂಡಿದ್ದ. ಡ್ರೈವರು ಕೇಳಿದ, “ಮುಂದ ಊಟಕ್ಕ ಊರು ಐತೇನ್ರಿ ಸಾಹೇಬ್ರ?”

“ಇಲ್ಲೆ.”

ಟ್ರ್ಯಾಕ್ಸ್ ನಿಂತಿತು. ಎರಡೂ ಬದಿ ಮರಳು, ತಗಡಿನ ಅಂಗಡಿ, ಸುಟ್ಟ ಲಾರಿಯದೊಂದು ಅಸ್ಥಿಪಂಜರ. ಹೆಗಲ ಮೇಲೆ ಬಡಿಗೆ ಇಟ್ಟುಕೊಂಡ ನಾಲ್ಕು ಜನ ಎದ್ದು ಬಂದರು. ಒಬ್ಬೊಬ್ಬರ ಮೀಸೆಯೂ ಕಿವಿಯವರೆಗೆ.

“ಇದೆಂತಕ್ಕೆ ಇಲ್ಲಿ ನಿಲ್ಸಿದ್ಯೋ?” ಎಂದ ಭಾವ.

“ನೀವ ಇಲ್ಲೇ ಅಂದ್ರೆಲ್ರಿ,” ಎಂದು ಡ್ರೈವರು ಕೈ ತೊಳೆಯಲು ಹೋದ.

ದಿನಕ್ಕೆ ಎರಡು

ನಿಂತದ್ದು ಢಾಬಾದ ಎದುರು. ಊಟವೇನೋ ಇತ್ತು, ಆದರೆ ಭಾವ ಸ್ನಾನ ಮಾಡದೆ ತುತ್ತು ಎತ್ತುವವನಲ್ಲ. ಹಿಂದಿನ ದಿನದಿಂದ ನೀರು ಸಿಕ್ಕಿರಲಿಲ್ಲ, ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಸೊಂಟಕ್ಕೆ ಪಂಚೆ ಸುತ್ತಿ, ಹೆಗಲಿಗೆ ಟವೆಲು ಹಾಕಿ, ಆ ಮೀಸೆಗಳಲ್ಲಿ ಅತಿ ದೊಡ್ಡದರ ಒಡೆಯನಾದ ಢಾಬಾದ ಯಜಮಾನನನ್ನು ತನಗೆ ಬಂದ ಹಿಂದಿಯಲ್ಲಿ ಕೇಳಿದ, “ಭಾಯೀಸಾಬ್, ಬಚ್ಚಲ್ ಕಿಧರ್ ಹೈ?”

ಯಜಮಾನನ ಕಿವಿಗೆ ಬಿದ್ದದ್ದು ‘ಬಚ್ಚೇ’, ಮಕ್ಕಳು. ಅವನ ಮುಖ ಅರಳಿತು. ಒಳಗೆ ಮುಖ ಮಾಡಿ ಕೂಗಿದ. ಒಂದರ ಹಿಂದೊಂದು ಐದು ಮಕ್ಕಳು ಬಂದು ಎತ್ತರದ ಪ್ರಕಾರ ಸಾಲಾಗಿ ನಿಂತವು. ಭಾವ ಟವೆಲು ಹಿಡಿದು ಒಂದೊಂದೇ ತಲೆ ನೋಡಿದ. ನೀರು ಹೊತ್ತು ತರುವವರೆಂದು ಅವನ ಲೆಕ್ಕ.

“ಆಪ್‌ಕೇ ಕಿತ್ನೇ?” ಎಂದ ಯಜಮಾನ.

ಎಷ್ಟು ಹಂಡೆ ನೀರು ಬೇಕೆಂದು ಕೇಳುತ್ತಿದ್ದಾನೆಂದುಕೊಂಡ ಭಾವ, ಮರಳುಗಾಡಿನಲ್ಲಿ ಜಾಸ್ತಿ ಕೇಳಬಾರದೆಂಬ ಸಂಕೋಚದಿಂದ ಎರಡು ಬೆರಳು ತೋರಿಸಿದ. “ಘರ್ ಮೇ ರೋಜ್ ದೋ. ಗರಂ ಗರಂ.”

ಯಜಮಾನ ನನ್ನ ತಂಗಿಯ ಕಡೆ ತಿರುಗಿ ಎರಡೂ ಕೈ ಜೋಡಿಸಿದ.

ಅದು

ಕೊನೆಗೆ ಒಂದು ಬಕೀಟು ನೀರು ಸಿಕ್ಕಿತು. ಭಾವ ಮಿಂದ, ಉಂಡ, ಕವಳ ಅಂದರೆ ಎಲೆ-ಅಡಿಕೆ ಹಾಕಿ ಟ್ರ್ಯಾಕ್ಸಿನ ನಡುವಿನ ಸೀಟಿನಲ್ಲಿ ಅಡ್ಡಾದ. ನಾನು ಮುಂದೆ ಕೂತು ಧೂಳಿಗೆ ಮುಖದ ತುಂಬ ಮಫ್ಲರ್ ಸುತ್ತಿಕೊಂಡು ಕಣ್ಣು ಮುಚ್ಚಿದ್ದೆ. ತಂಗಿಯ ಜಾಗ ಹಿಂದೆ, ಹಾಸಿಗೆ ಸುರುಳಿಗಳ ಆಚೆ. ಅವಳು ಢಾಬಾದ ಹಿಂದಿನ ಮನೆಯ ಹೆಂಗಸರು ರೊಟ್ಟಿ ತಟ್ಟುವುದನ್ನು ನೋಡಲು ಹೋದವಳು ಇನ್ನೂ ಬಂದಿರಲಿಲ್ಲ.

“ಅಕ್ಕಾರು ಹತ್ಯಾರೇನ್ರಿ?” ಡ್ರೈವರು ಕೇಳಿದ.

“ಇಲ್ಲೆ,” ಎಂದು ಭಾವ ನಿದ್ದೆಹೋದ. ಡ್ರೈವರು ಹೊರಟ.

ಇಪ್ಪತ್ತು ಕಿಲೋಮೀಟರು ಆದಮೇಲೆ ಭಾವನಿಗೆ ಎಚ್ಚರ. ಹಿಂದೆ ನೋಡಿದ. ನಮ್ಮ ಮನೆಮಾತಿನಲ್ಲಿ ಹೆಂಗಸು ಎಷ್ಟೇ ದೊಡ್ಡವಳಿರಲಿ, ‘ಅವಳು’ ಅನ್ನುವುದಿಲ್ಲ, ‘ಅದು’. ಭಾವ ಗಂಟಲು ಹರಿಯುವಂತೆ ಕೂಗಿದ, “ಅದು ಇಲ್ಲೆ! ಅಯ್ಯೋ, ಅದು ಇಲ್ಲೆ!”

“ಇಲ್ಲೇ ಐತಂದ್ರ ಯಾಕ ಒದರ್ತೀರಿ ಸಾಹೇಬ್ರ?” ಡ್ರೈವರು ತಿರುಗಿ ಸಹ ನೋಡಲಿಲ್ಲ. “ಬೀಳದಂಗ ಗಟ್ಟಿ ಹಿಡ್ಕೊಂಡು ಕುಂದರ್ರಿ.”

ಈ ಗಲಾಟೆಗೆ ನಾನೆದ್ದು ಅರ್ಥ ಹೇಳುವ ಹೊತ್ತಿಗೆ ಇನ್ನೂ ಐದು ಕಿಲೋಮೀಟರು ಕಳೆದಿತ್ತು. ಟ್ರ್ಯಾಕ್ಸ್ ತಿರುಗಿತು. ದಾರಿಯುದ್ದಕ್ಕೂ ಭಾವನದು ಒಂದೇ ಮಾತು. “ಆ ಮೀಸೆ ನೋಡಿದ್ಯಲಾ ಭಾವ? ಅದಕ್ಕೆ ಹಿಂದಿ ಒಂದಕ್ಷರ ಬತ್ತಿಲ್ಲೆ. ಎಂತ ಮಾಡ್ತ ಏನ!” ನನಗೂ ನಗು ಬರಲಿಲ್ಲ. ಆ ಐವತ್ತು ನಿಮಿಷ ಇಂದಿಗೂ ಬೇಡ.

ಊರು ಮುಟ್ಟಿದಾಗ ತಂಗಿ ಢಾಬಾದ ಎದುರು ಹಗ್ಗದ ಮಂಚದ ಮೇಲೆ ಕಾಲು ಮಡಿಸಿ ಕೂತಿದ್ದಳು. ಮಡಿಲಲ್ಲಿ ಕವಳದ ಸಂಚಿ. ನಾಲ್ಕೂ ಮೀಸೆಗಳು ನೆಲದ ಮೇಲೆ ಕೂತು, ಬಡಿಗೆ ಬದಿಗಿಟ್ಟು, ಶಿರಸಿ ಅಡಿಕೆ ಮೆಲ್ಲುತ್ತಿದ್ದವು. ಯಾರ ಬಾಯಲ್ಲೂ ಮಾತಿಲ್ಲ. ಬಾಯಿ ಖಾಲಿ ಇದ್ದರೆ ತಾನೇ?

ಭಾವ ಓಡಿಹೋಗಿ, “ನಡಿಯೇ, ಹತ್ತು,” ಎಂದ.

“ಆನು ಬತ್ನಿಲ್ಲೆ,” ಎಂದಳು ತಂಗಿ.

ಡ್ರೈವರು ಪಾಪದವನು, ನಡೆದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ: “ಸಾಹೇಬ್ರು ‘ಅದು, ಅದು’ ಅಂದ್ರು ನೋಡ್ರಿ ಅಕ್ಕಾರ. ನಾ ಚೀಲ ಅಂತ ತಿಳಕೊಂಡೆ.”

“ಕೇಳಿದ್ಯಾ?” ತಂಗಿ ಗಂಡನನ್ನು ನೋಡಿದಳು. “ಮೂವತ್ತು ವರ್ಷಾತು, ಅದು ಬಂತು, ಅದು ಹೋತು. ಚೀಲ ಹೇಳಿ ತಿಳ್ಕಂಡ ಅವ! ಯನಗೊಂದು ಹೆಸರಿದ್ದು. ಅದನ್ನ ಕರೆ, ಬತ್ತೆ. ಇಲ್ದಿದ್ರೆ ಇಲ್ಲೇ ರೊಟ್ಟಿ ತಟ್ಟಿಗಂಡು ಇರ್ತೆ.”

ಭಾವ ನನ್ನ ಮುಖ ನೋಡಿದ. ನಾನು ಮರಳು ನೋಡಿದೆ. ಮದುವೆಯ ದಿನ ಒತ್ತಾಯಕ್ಕೆ ಒಮ್ಮೆ ಹೇಳಿದ ಹೆಸರು, ಆಮೇಲೆ ಅವನ ಬಾಯಲ್ಲಿ ಬಂದದ್ದು ನಾನಂತೂ ಕೇಳಿಲ್ಲ. ಅವನು ಕೆಮ್ಮಿದ. ಮೆಲ್ಲಗೆ ಏನೋ ಅಂದ.

“ಕೇಳಿದ್ದಿಲ್ಲೆ,” ಎಂದಳು ತಂಗಿ.

ಭಾವ ಕಣ್ಣು ಗಟ್ಟಿಯಾಗಿ ಮುಚ್ಚಿ, ಎರಡೂ ಕೈ ಜೋಡಿಸಿ, ಇಡೀ ಊರಿಗೆ ಕೇಳುವಂತೆ ಕೂಗಿದ, “ಸರಸ್ವತೀ!”

ನಾಲ್ಕೂ ಮೀಸೆಗಳು ದಡಕ್ಕನೆ ಎದ್ದುನಿಂತವು. ಕವಳ ಉಗಿದು, ತಲೆಯ ಮೇಲೆ ಕೈಯೆತ್ತಿ, ಒಂದೇ ದನಿಯಲ್ಲಿ, “ಮಾತಾ ಕೀ ಜೈ!”

ತಂಗಿ ಗಂಭೀರವಾಗಿ ಟ್ರ್ಯಾಕ್ಸ್ ಹತ್ತಿದಳು. ಯಜಮಾನ ಮನೆಯಿಂದ ಹಳದಿ ಹೂವು ತಂದು ಅವಳ ಕಾಲ ಬಳಿ ಇಟ್ಟ. ಇವರಿಗೇನು ಹುಚ್ಚೇ ಎಂದುಕೊಂಡೆ. ರಾತ್ರಿ ಜೈಸಲ್ಮೇರಿನ ಕೋಣೆಯಲ್ಲಿ ಪಂಚಾಂಗ ತೆಗೆದು ನೋಡಿದರೆ, ಉತ್ತರದವರೆಲ್ಲ ಸರಸ್ವತಿಯನ್ನು ಪೂಜಿಸುವ ದಿನ ಅದು: ಎರಡು ಸಾವಿರದ ಇಸವಿಯ ಮಾಘ ಶುದ್ಧ ಪಂಚಮಿ, ಗುರುವಾರ.