ಬಿರುದಾವಳಿಯ ಕೆಳಗಿನ ಪುಟ

ಬಹಳ ಹಿಂದೆ, ಕಾಗದದ ಅರ್ಜಿಗಳೆಲ್ಲ ರದ್ದಾದ ಮೂರನೆಯ ವರ್ಷದಲ್ಲಿ, ಸುಗಮಪುರಿ ಎಂಬ ರಾಜ್ಯವಿತ್ತು. ಅಲ್ಲಿ ಕಾರ್ತಿಕ ಶುದ್ಧ ಪಾಡ್ಯದಂದು ಅರಮನೆಯ ಜಾಲತಾಣ ಲೋಕಾರ್ಪಣೆಗೊಂಡಿತು. ಪಂಚಮಿಯಂದು ಅದರ ಮೇಲೆ ಮೊದಲ ದೂರು ಬಂದಿತು. ದಶಮಿಯಂದು ದೂರು ನಿವಾರಣೆಯಾಯಿತು. ಹುಣ್ಣಿಮೆಯ ಸೂರ್ಯಾಸ್ತದೊಳಗೆ, ಅರಮನೆಯ ಅಕ್ಕಿ ಉಣ್ಣುವ ವೃದ್ಧರೆಲ್ಲರೂ ತಾವು ಬದುಕಿರುವುದನ್ನು ಆ ತಾಣದಲ್ಲೇ ದೃಢೀಕರಿಸಬೇಕಾಗಿತ್ತು. ದೃಢೀಕರಿಸದವರನ್ನು ತೀರಿಕೊಂಡವರೆಂದು ಭಾವಿಸತಕ್ಕದ್ದು. ತೀರಿಕೊಂಡವರಿಗೆ ಅಕ್ಕಿ ಕೊಡತಕ್ಕದ್ದಲ್ಲ.

ಹೊನ್ನಾಜಮ್ಮ ಬದುಕಿದ್ದಳು. ಹುಟ್ಟುಗುರುಡಿಯಾದ ಆಕೆ ಕುಂಬಾರಗೇರಿಯಲ್ಲಿ ನಲವತ್ತು ವರ್ಷ ಮಡಕೆಗಳನ್ನು ಬೆರಳಿನಿಂದ ತಟ್ಟಿ, ಸದ್ದಿನಲ್ಲೇ ಬಿರುಕು ಹಿಡಿದವಳು. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರವೊಂದು ಆಕೆಯ ಬಳಿ ಇತ್ತು. ಆದರೆ ಅರಮನೆಯ ತಾಣದಲ್ಲಿ ಅದು ಎಲ್ಲಿ ಒತ್ತಿದರೂ ‘ಚಿತ್ರ, ಚಿತ್ರ’ ಎನ್ನುತ್ತಿತ್ತೇ ವಿನಾ ಮುಂದೆ ಮಾತಿಲ್ಲ. ಪಂಚಮಿಯಂದು ಆಕೆ ಕೋಲೂರಿಕೊಂಡು ಆಸ್ಥಾನಕ್ಕೇ ಹೋದಳು.

“ಬುದ್ಧೀ, ಗುಂಡಿಗಳಿಗೆಲ್ಲ ಒಂದೊಂದು ಹೆಸರು ಬರೆಸಿಬಿಡಿ, ಸಾಕು. ಯಂತ್ರ ಓದ್ಕೊಳ್ತದೆ. ಮೇಲಿರೋದನ್ನೆಲ್ಲ ದಾಟಿ ನೇರ ಕೆಲಸದ ಜಾಗಕ್ಕೆ ಹೋಗೋಕೊಂದು ಕೊಂಡಿ ಇರ್ಲಿ. ಬೇರೆ ರಾಜ್ಯದ ತಾಣದಲ್ಲೆಲ್ಲ ಐತೆ.”

ಮಹಾರಾಜ ವಿಸ್ತಾರಸೇನನಿಗೆ ಬೇರೊಂದು ಸಂಶಯ ಹುಟ್ಟಿತು. “ಅಜ್ಜೀ, ಪುಟದ ಮೇಲ್ಭಾಗದಲ್ಲಿ ನಮ್ಮ ಭಾವಚಿತ್ರವಿದೆಯಲ್ಲ? ಅದನ್ನು ನಿನ್ನ ಯಂತ್ರ ಏನೆಂದು ಓದುತ್ತದೆ?”

“‘ಚಿತ್ರ’ ಅಂತದೆ ಬುದ್ಧೀ.”

“ಬರೀ ಚಿತ್ರ?”

“ಬರೀ ಚಿತ್ರ.”

ಜಾಲಮಂತ್ರಿ ಚಿತ್ರಭಾನು ಎದ್ದು ಕಣ್ಣೊರೆಸಿಕೊಂಡ. “ಪ್ರಭೂ, ಇದು ಅಕ್ಷಮ್ಯ. ಪ್ರತಿ ಚಿತ್ರಕ್ಕೂ ವಿವರಣೆ ಇರಬೇಕೆಂದು ಮಾನದಂಡವೇ ಹೇಳುತ್ತದೆ. ಐದು ದಿನದಲ್ಲಿ ಸರಿಪಡಿಸುತ್ತೇನೆ.”

ಮಾತಿಗೆ ತಪ್ಪಲಿಲ್ಲ. ಗುಂಡಿಗಳಿಗೆ ಹೆಸರು ಬಂತು. ಭಾವಚಿತ್ರಕ್ಕೆ ಆಸ್ಥಾನಕವಿಗಳು ಒಂದು ಸಾವಿರದ ಎಂಟು ಬಿರುದುಗಳ ವಿವರಣೆ ರಚಿಸಿದರು. ಕೊಂಡಿಯದೇ ತೊಡಕು. ಅರಸನ ಪಟದ ಮುಂದೆ ನಿಂತು ಬಿರುದುಗಳನ್ನು ಪೂರ್ತಿ ಆಲಿಸದೆ ಯಾರೂ ಮುಂದಡಿ ಇಡಬಾರದೆಂಬುದು ಸುಗಮಪುರಿಯ ಸಂಪ್ರದಾಯ. ಕಣ್ಣುಳ್ಳವರು ಪಟ ಕಂಡರೆ ಕೇಳಿದಷ್ಟೇ ಪುಣ್ಯವೆಂದು ಧರ್ಮಾಧಿಕಾರಿಗಳು ವಿನಾಯಿತಿ ಕೊಟ್ಟಿದ್ದರು. ಕಾಣದವರು ಕೇಳಲೇಬೇಕು.

ಚಿತ್ರಭಾನು ಪರಿಹಾರ ಕಂಡುಹಿಡಿದ. ‘ಮೇಲಿನದನ್ನು ದಾಟಿ’ ಎಂಬ ಕೊಂಡಿಯನ್ನು ಬಿರುದಾವಳಿ ಮುಗಿದ ಮೇಲೆ ಇರಿಸಿದ. “ಕೊಂಡಿಯೂ ಇದೆ ಪ್ರಭೂ, ಗೌರವವೂ ಇದೆ.” ನಡುವೆ ಯಾರಾದರೂ ಕೀಲಿ ಒತ್ತಿದರೆ ಅದು ಸ್ತುತಿಭಂಗವಾದ್ದರಿಂದ, ಬಿರುದಾವಳಿ ಮೊದಲಿನಿಂದ ಆರಂಭವಾಗುತ್ತಿತ್ತು.

ಹುಣ್ಣಿಮೆಯ ಬೆಳಗ್ಗೆ ಹೊನ್ನಾಜಮ್ಮ ಯಂತ್ರದ ಮುಂದೆ ಕುಳಿತಳು. “ಅಡಿಗಲ್ಲು ಚಕ್ರವರ್ತಿ, ರಿಬ್ಬನ್‌ಛೇದನ ಚತುರ, ಉದ್ಘಾಟನಾ ಧುರಂಧರ...” ಬಿರುದಾವಳಿ ಮುಗಿಯಲು ಹದಿನೆಂಟು ನಿಮಿಷ ಬೇಕಿತ್ತು. ಹದಿನಾಲ್ಕು ನಿಮಿಷ ಕೀಲಿ ಒತ್ತದವರನ್ನು ತಾಣವು ಭದ್ರತೆಯ ದೃಷ್ಟಿಯಿಂದ ಹೊರಹಾಕುತ್ತಿತ್ತು. ಏಳುನೂರ ಎಂಬತ್ತನಾಲ್ಕನೆಯ ಬಿರುದು ‘ಸರ್ವಜನಸುಲಭ’. ಅದನ್ನು ಓದಿದೊಡನೆ ಯಂತ್ರ ಹೇಳಿತು: “ನಿಮ್ಮ ಸಮಯ ಮುಗಿದಿದೆ. ಮೊದಲಿನಿಂದ ಪ್ರಾರಂಭಿಸಿ.”

ಆಕೆ ಪ್ರಾರಂಭಿಸಿದಳು. ಮಧ್ಯಾಹ್ನದ ಹೊತ್ತಿಗೆ ಹದಿನೇಳು ಬಾರಿ ‘ಸರ್ವಜನಸುಲಭ’ದ ತನಕ ಹೋಗಿ ಬಂದಿದ್ದಳು. ಹೊತ್ತು ಇಳಿಯುವಾಗ ಯಂತ್ರವನ್ನು ಮುಚ್ಚಿ ಅರಮನೆಯ ಬಾಗಿಲಿಗೆ ನಡೆದಳು. ಅಲ್ಲಿ ಗುಮಾಸ್ತ ತಿಪ್ಪರಸ ಕುಳಿತಿದ್ದ.

“ಏನವ್ವಾ?”

“ಬದುಕಿದ್ದೀನಿ ಅಂತ ಹೇಳೋಕೆ ಬಂದೆ ಕಣಪ್ಪ.”

“ಅದನ್ನ ತಾಣದಲ್ಲೇ ಹೇಳ್ಬೇಕು.”

“ಎದುರಿಗೇ ನಿಂತಿದ್ದೀನಲ್ಲೋ. ಬೇಕಾದ್ರೆ ಮುಟ್ಟಿ ನೋಡು.”

“ಮುಟ್ಟಿ ನೋಡೋ ಅಧಿಕಾರ ನಂಗಿಲ್ಲವ್ವ. ಬೇಕಾದ್ರೆ ದೂರು ಕೊಡಿ.”

“ಎಲ್ಲಿ ಕೊಡ್ಲಿ?”

“ತಾಣದಲ್ಲೇ. ಮೇಲ್ಗಡೆ ಮಹಾರಾಜರ ಪಟ ಇದ್ಯಲ್ಲ, ಅದರ ಕೆಳಗೆ.”

ಹೊನ್ನಾಜಮ್ಮ ಹಳೆಯ ಅಭ್ಯಾಸದಿಂದ ಅರಮನೆಯ ಕಂಬವನ್ನೊಮ್ಮೆ ಬೆರಳಿನಿಂದ ತಟ್ಟಿದಳು. “ಹಸಿ ಮಡಕೆ ಸದ್ದು. ಸುಟ್ಟಿದ್ದು ಸಾಲದು,” ಎಂದು ಹಿಂತಿರುಗಿದಳು. ಅಷ್ಟರಲ್ಲಿ ಸೂರ್ಯ ಮುಳುಗಿದ. ನಿಯಮಾನುಸಾರ ಆಕೆಯೂ ತೀರಿಕೊಂಡಳು.

ಮರುದಿನ ಜಾಲಮಂತ್ರಿಗೆ ‘ಸುಗಮತಾ ಕಲಶ’ ಪ್ರದಾನವಾಯಿತು. ಮಿಕ್ಕಿದ ಅಕ್ಕಿಯಲ್ಲಿ ಆಸ್ಥಾನಕ್ಕೆಲ್ಲ ಪುಳಿಯೋಗರೆ. ಒಗ್ಗರಣೆಯ ಘಮ ಕುಂಬಾರಗೇರಿಯವರೆಗೂ ಬಂತು. ಹೊನ್ನಾಜಮ್ಮ ಬರಿದಾದ ಅಕ್ಕಿಯ ಮಡಕೆಯನ್ನು ತಟ್ಟಿದಳು. ಬಿರುಕಿರಲಿಲ್ಲ, ಸದ್ದು ಬಹಳ ಸ್ಪಷ್ಟವಾಗಿತ್ತು. ಅದೇ ಹೊತ್ತಿಗೆ ಆಸ್ಥಾನದಲ್ಲಿ ಮೌಲ್ಯಮಾಪನ ವರದಿಯನ್ನು ಓದುತ್ತಿದ್ದರು:

“ಸುಗಮಪುರಿಯಲ್ಲಿ ಜೀವಂತವಿರುವ ದೃಷ್ಟಿಹೀನ ವೃದ್ಧರು: ಸೊನ್ನೆ. ಅವರಿಂದ ತಾಣದಲ್ಲಿ ಸ್ವೀಕೃತವಾದ ದೂರುಗಳು: ಸೊನ್ನೆ. ತೀರ್ಮಾನ: ತಾಣವು ಸಕಲರಿಗೂ ಸುಗಮವಾಗಿದೆ.”