ಗಣಿತದಲ್ಲಿ ಎಂಬತ್ತು ಬಂದರೆ ಮಾತ್ರ ಸ್ಕೂಟರ್

ಪುರಾವೆ ಇಲ್ಲದೆ ಯಾವುದನ್ನೂ ನಂಬಬಾರದು ಎಂಬುದನ್ನು ನಾನು ಧಾರವಾಡದ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕೂತು ಕಲಿತವನು. ಕಲಿತದ್ದು ಎಷ್ಟು ಆಳಕ್ಕೆ ಇಳಿಯಿತೆಂದರೆ, ಈಗ ನನ್ನ ನೆನಪನ್ನೇ ನಾನು ನಂಬುವುದಿಲ್ಲ. ಬಾಗಿಲಿಗೆ ಬೀಗ ಹಾಕಿದೆನೇ ಎಂದು ನೋಡಲು ಇಡಗುಂದಿಯ ಬಸ್ ಸ್ಟಾಪಿನಿಂದ ಮನೆಗೆ ಮರಳಿದ್ದೇನೆ. ಮರಳಿದ್ದು ಬೀಗಕ್ಕೋ ಕನ್ನಡಕಕ್ಕೋ ಎಂದು ಅಂಗಳದಲ್ಲಿ ನಿಂತು ಯೋಚಿಸಿದ್ದೇನೆ. ಒಂದೇ ಒಂದು ಸಂಗತಿಯನ್ನು ಮಾತ್ರ ಎಂದೂ ಸಂದೇಹಿಸಿರಲಿಲ್ಲ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗೆ ಎಂಬತ್ತಮೂರು!

ಈ ಎಂಬತ್ತಮೂರರ ತಳಪಾಯದ ಮೇಲೆ ನಮ್ಮ ಮನೆಯ ಸಾರಿಗೆ ನೀತಿ ನಿಂತಿತ್ತು. ಮಗಳು ಸಹನಾಳಿಗೆ ಮೊದಲೇ ಘೋಷಿಸಿದ್ದೆ: ಪಿಯುಸಿ ಗಣಿತದಲ್ಲಿ ಎಂಬತ್ತು ಬಂದರೆ ಸ್ಕೂಟರ್ ಲೈಸೆನ್ಸ್, ಇಲ್ಲದಿದ್ದರೆ ಇಲ್ಲ. ವೃತ್ತದ ಪ್ರಮೇಯ ಬಾರದವರು ಅರಬೈಲು ಘಾಟಿನ ತಿರುವಿಗೆ ಹೇಗೆ ನ್ಯಾಯ ಒದಗಿಸಿಯಾರು?

ಬಂದದ್ದು ಎಪ್ಪತ್ತೊಂದು.

ಅವಳು ಯಲ್ಲಾಪುರದಲ್ಲಿ ಡಿಗ್ರಿಗೆ ಸೇರಿದ್ದಳು. ಪ್ರಾಕ್ಟಿಕಲ್ ಶುರುವಾಗುವುದು ಎಂಟಕ್ಕೆ. ಬಸ್ಸು ನಮ್ಮೂರಿಗೆ ಬರುವುದೇ ಎಂಟೂವರೆಗೆ. ಹೀಗೇ ಆದರೆ ಹಾಜರಾತಿ ಸಾಲದೆ ಪರೀಕ್ಷೆಗೇ ಕೂರಿಸುವುದಿಲ್ಲ ಎಂದು ಕಣ್ಣು ತುಂಬಿಕೊಂಡು ಹೇಳಿದಳು. ಅವಳ ಅಮ್ಮನ ಹಳೇ ಸ್ಕೂಟರ್ ಅಂಗಳದಲ್ಲೇ ಇತ್ತು. ಅಡ್ಡ ನಿಂತದ್ದು ಒಂಬತ್ತು ಅಂಕ. ಮತ್ತು ನಾನು.

ಹೆಂಡತಿ ವಿಜಯಾ ದೋಸೆ ಮಗುಚುತ್ತಲೇ ಮಧ್ಯೆ ಬಂದಳು. "ಆನು ಗಣಿತದಲ್ಲಿ ಎರಡು ಸಲ ಫೇಲು. ದಿನಾ ವ್ಯಾನು ಓಡಿಸ್ತೆ."

ಅದು ಅಪವಾದ, ಅಪವಾದದಿಂದ ನಿಯಮ ಬೀಳುವುದಿಲ್ಲ ಎಂದೆ.

"ನಿಂಗೆ ಬೆಳಿಗ್ಗೆ ತಿಂಡಿ ಎಂತ ಹೇಳಿ ನೆನಪಿಲ್ಲೆ. ಮಾರ್ಕ್ಸ್ ಹ್ಯಾಂಗೆ ನೆನಪಿದ್ದು?"

ಈ ಮಾತಿಗೆ ಮನೆಯಲ್ಲಿ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕುದಲ್ಲ ಎನಿಸಿತು. ಸರ್ಕಾರದ ಮಟ್ಟದಲ್ಲೇ ಇತ್ಯರ್ಥವಾಗಲಿ! ಕೂತು ಮೂರು ಪುಟದ ಮನವಿ ಬರೆದೆ. "ಹದಿಹರೆಯದವರಿಗೆ ಮಾತ್ರವಲ್ಲದೆ ಸಮಸ್ತ ಚಾಲಕರಿಗೂ ಶಾಲಾ ಗಣಿತದಲ್ಲಿ ಕನಿಷ್ಠ ಎಂಬತ್ತು ಅಂಕ ಕಡ್ಡಾಯಗೊಳಿಸತಕ್ಕದ್ದು." 'ಸಮಸ್ತ' ಎಂಬ ಪದ ಬರೆಯುವಾಗ ರೋಮಾಂಚನವೇ ಆಯಿತು. ಶಿರಸಿಯ ಸಾರಿಗೆ ಕಚೇರಿಯಲ್ಲಿ ಮನವಿ ತೆಗೆದುಕೊಂಡರೆ ಸಹನಾ ಸುಮ್ಮನಿರಬೇಕು, ತೆಗೆದುಕೊಳ್ಳದಿದ್ದರೆ ಲರ್ನರ್ ಅರ್ಜಿಗೆ ನಾನು ಅಡ್ಡಿ ಬರಬಾರದು ಎಂದು ಒಪ್ಪಂದವಾಯಿತು.

ಮರುದಿನ ಮೂವರೂ ಹೊರಟೆವು. ವ್ಯಾನು ಓಡಿಸಿದ್ದು ನಾನೇ. ಶಿರಸಿಯವರೆಗೂ ಪ್ರತಿ ತಿರುವಿನಲ್ಲಿ ಅದು ಎಷ್ಟು ಡಿಗ್ರಿಯ ಕೋನ ಎಂದು ವಿವರಿಸಿದೆ. ಹಿಂದಿನ ಸೀಟಿನಲ್ಲಿ ತಾಯಿ ಮಗಳು ನಿದ್ದೆ ಮಾಡಿದರು.

ಕಿಟಕಿಯ ಹಿಂದಿದ್ದ ಗುಮಾಸ್ತರು ಬನವಾಸಿ ಕಡೆಯವರು, ಸಜ್ಜನರು. "ಬರ್ರಿ ಸರ" ಎಂದು ಮನವಿ ಇಸಿದುಕೊಂಡು, ಕೆಳಗೆ ನನ್ನ ಲೈಸೆನ್ಸ್ ನಂಬರೂ ಇರಲಿ ಎಂದು ಕಾರ್ಡು ಕೇಳಿದರು. ಹೆಮ್ಮೆಯಿಂದ ಕೊಟ್ಟೆ. ಅವರು ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಇದರ ಅವಧಿ ಮುಗದು ಎರಡು ವರ್ಷ ಆತಲ್ರೀ. ಇಲ್ಲೀತನಕ ಹೆಂಗ ಬಂದ್ರಿ?"

ಮುಂದಿನ ವರ್ಷದವರೆಗೆ ಇದೆ ಎಂದು ನನಗೆ ಸ್ಪಷ್ಟವಾಗಿ ನೆನಪಿತ್ತು! ಹೇಗೆ ಬಂದೆ ಎಂಬುದು ಮಾತ್ರ ಆ ಕ್ಷಣಕ್ಕೆ ಸಂಪೂರ್ಣ ಮರೆತುಹೋಯಿತು.

ಇಷ್ಟು ತಡವಾದ್ದರಿಂದ ಪುನಃ ಟ್ರ್ಯಾಕಿನಲ್ಲಿ ಪರೀಕ್ಷೆ ಕೊಡಬೇಕು ಎಂದರು. ಅಷ್ಟೇ ಅಲ್ಲ, ಲೈಸೆನ್ಸಿನ ಹುಟ್ಟಿದ ತಾರೀಖಿಗೂ ಆಧಾರಿನದಕ್ಕೂ ತಾಳೆಯಿಲ್ಲ. ಜೀವನವಿಡೀ ಎಲ್ಲವನ್ನೂ ಸಂದೇಹಿಸಿದವನ ಹುಟ್ಟನ್ನೇ ಸರ್ಕಾರ ಸಂದೇಹಿಸಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇದ್ದರೆ ತಾರೀಖು ಸರಿಮಾಡಬಹುದಂತೆ.

ವಿಜಯಾ ಚೀಲದಿಂದ ಹಳೇ ಫೈಲು ತೆಗೆದು ಅಂಕಪಟ್ಟಿ ಹೊರಗೆಳೆದಳು. ನಾನು ಅದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಇದಕ್ಕಿಂತ ಶುಭಗಳಿಗೆ ಉಂಟೇ? ಗಣಿತವನ್ನು ಗಟ್ಟಿಯಾಗಿ ಓದು ಎಂದು ಸಹನಾಳ ಕೈಗೆ ಕೊಟ್ಟೆ. ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು.

"ಮೂವತ್ತೆಂಟು" ಎಂದಳು.

ಹಿಂದುಮುಂದಾಗಿ ಓದಿದ್ದೀಯ, ಸರಿಯಾಗಿ ನೋಡು ಎಂದೆ.

"ಅಕ್ಷರದಲ್ಲೂ ಬರೆದಿದ್ದ ಅಪ್ಪಾ."

ಅಂಕಿಯಲ್ಲಿ ಮೂವತ್ತೆಂಟು. ಅಕ್ಷರದಲ್ಲಿ ಮೂವತ್ತೆಂಟು. ಸಂದೇಹಕ್ಕೆ ಆಸ್ಪದವೇ ಇಲ್ಲದ ಇಂಥ ದಾಖಲೆಯನ್ನು ನಾನು ಧಾರವಾಡದಲ್ಲೂ ಕಂಡಿರಲಿಲ್ಲ.

ಗುಮಾಸ್ತರು ಅಂಕಪಟ್ಟಿ ಇಸಿದುಕೊಂಡು, ಅಂಕಗಳಿದ್ದ ಜಾಗವನ್ನು ಅಂಗೈಯಿಂದ ಮುಚ್ಚಿ ಹುಟ್ಟಿದ ತಾರೀಖು ಬರೆದುಕೊಂಡರು. "ನಮಗ ತಾರೀಖು ಅಷ್ಟ ಸಾಕ್ರಿ. ಮಾರ್ಕ್ಸ್ ನಾವು ನೋಡಂಗಿಲ್ಲ." ಆಮೇಲೆ ನನ್ನ ಮನವಿಯನ್ನು ಎತ್ತಿ ಹಿಡಿದರು. "ಇದನ್ನ ಒಳಗ ಕಳಸ್ಲೇನ್ರಿ?"

'ಸಮಸ್ತ ಚಾಲಕರಿಗೂ' ಎಂಬ ಸಾಲು ಅಲ್ಲಿಂದಲೇ ಕಾಣುತ್ತಿತ್ತು. ನಾನು ಕೈ ಚಾಚಿ ಮನವಿಯನ್ನು ವಾಪಸು ತೆಗೆದುಕೊಂಡೆ. ಸಹನಾ ಅದೇ ಕಿಟಕಿಯಲ್ಲಿ ತನ್ನ ಲರ್ನರ್ ಅರ್ಜಿಯ ವಿಚಾರ ಕೇಳಿದಳು. ಊರಿಗೆ ವ್ಯಾನು ಓಡಿಸಿದ್ದು ವಿಜಯಾ. ಅವಳು ಯಾವ ಕೋನವನ್ನೂ ವಿವರಿಸಲಿಲ್ಲ. ತಿರುವುಗಳೆಲ್ಲ ಸರಾಗವಾಗಿ ಹೋದವು.

ಒಂದೂವರೆ ತಿಂಗಳ ನಂತರ ನಮ್ಮಿಬ್ಬರಿಗೂ ಒಂದೇ ದಿನ ಪರೀಕ್ಷೆ ಬಿತ್ತು, ಅದೇ ಹಳೇ ಸ್ಕೂಟರಿನ ಮೇಲೆ. ನೆಲಕ್ಕೆ ಕಾಲು ತಾಗಿಸದೆ ಎಂಟರ ಆಕಾರದಲ್ಲಿ ಸುತ್ತಬೇಕು. ಮೊದಲು ಸಹನಾ ಹೋದಳು. ಚಕ್ಕನೆ ಎಂಟು ಹಾಕಿ ಬಂದು ನಿಂತಳು. ಪಾಸು! ಆಮೇಲೆ ನಾನು. ಮೇಲಿನ ಸೊನ್ನೆಯ ಬಲ ಅರ್ಧ ಸುತ್ತಿದೆ, ಕೆಳಗಿನ ಸೊನ್ನೆಯ ಬಲ ಅರ್ಧ ಸುತ್ತಿದೆ, ಎಡ ಮಗ್ಗುಲಿಗೆ ಹೊರಳುವಷ್ಟರಲ್ಲಿ ಎರಡೂ ಕಾಲು ನೆಲಕ್ಕೆ.

ಇನ್‌ಸ್ಪೆಕ್ಟರು ಬೇಸರದಿಂದ ನೋಡಿದರು. "ಎಂಟು ಹಾಕಿ ಅಂದ್ರೆ ಮೂರು ಹಾಕಿ ನಿಂತ್ರಲ್ಲ."

ಮೂರು! ನನಗೆ ಮಿಂಚು ಹೊಡೆದಂತಾಯಿತು. ವ್ಯಾನಿನಲ್ಲಿ ಮನೆಗೆ ಹೋಗುವಾಗ ಸಂಭ್ರಮದಿಂದ ಹೇಳಿದೆ: ಮೊದಲು ಮಗಳ ಎಂಟು, ಆಮೇಲೆ ನನ್ನ ಮೂರು, ಪಕ್ಕಪಕ್ಕ ಬರೆದರೆ ಎಂಬತ್ತಮೂರು! ನನ್ನ ನೆನಪು ಪೂರ್ತಿ ಸುಳ್ಳಲ್ಲ, ಸ್ವಲ್ಪ ಮುಂಚೆ ಬಂದಿತ್ತು ಅಷ್ಟೇ!

ವಿಜಯಾ ಗೇರು ಬದಲಿಸಿದಳು.

"ಮೊದ್ಲು ಹೋಗಿದ್ದು ನೀನು."

ಹಿಂದಿನಿಂದ ಸಹನಾ ಹೌದೆಂದಳು. ಹಾಗಾದರೆ ಮೂವತ್ತೆಂಟು.