ಬೀಗರ ಬಾತುಕೋಳಿ

ಮಸ್ಕಿಯ ಬಟ್ಟೆ ವ್ಯಾಪಾರಿ ಅಮರಗುಂಡಪ್ಪನ ಮನೆಯಲ್ಲಿ ಅಂದು ಮಗಳು ಕಸ್ತೂರೆಮ್ಮನ ನಿಶ್ಚಯಕ್ಕೆ ಸಕ್ಕರೆ ಹಂಚಬೇಕಿತ್ತು. ಬೆಳಿಗ್ಗೆ ಎದ್ದವನೇ ಹಿತ್ತಿಲಿಗೆ ಹೋಗಿ ಅಲ್ಲಿದ್ದ ಬಿದಿರು ಬುಟ್ಟಿಯನ್ನು ಎತ್ತಿ ನೋಡಿದ. ಒಳಗಿದ್ದ ಬಾತುಕೋಳಿ ಬೇರೆಯದು!

ಆ ಹಕ್ಕಿ ಮುದಗಲ್ಲಿನ ಬಸವಂತರಾಯರದು, ಅಂದರೆ ಬೀಗರಾಗಲಿರುವವರದು. ದೀಪಾವಳಿಯ ಹೊತ್ತಿಗೆ ಕೆರೆ ದಂಡೆಯಲ್ಲಿ ರೆಕ್ಕೆಗೆ ಗಾಯವಾಗಿ ಬಿದ್ದಿದ್ದನ್ನು ಎತ್ತಿ ತಂದಿದ್ದರು. "ಇದನ್ನ ಜ್ವಾಕಿ ಮಾಡಿ ಉಳಿಸ್ರಿ. ಮೂಕ ಜೀವಕ್ಕ ಮರುಗೋ ಮನಿತನದ ಹೆಣ್ಣs ನಮಗ ಬೇಕು" ಅಂದಿದ್ದರು. ಪಾರಿವಾಳಕ್ಕಿಂತ ತುಸು ದೊಡ್ಡ ಹಕ್ಕಿ, ಮೈಯೆಲ್ಲ ಗುಬ್ಬಿಯ ಬಣ್ಣ. ಲಿಂಗ ಕಟ್ಟಿದವರ ಮನೆಯಲ್ಲಿ ಬಾತುಕೋಳಿಯೇ ಎಂದು ಓಣಿಯವರು ಮೂಗು ಮುರಿದರೂ ಅಮರಗುಂಡಪ್ಪ ಅದನ್ನು ಅಳಿಯನಷ್ಟೇ ಮರ್ಯಾದೆಯಿಂದ ಇಟ್ಟುಕೊಂಡಿದ್ದ.

ಅಷ್ಟರಲ್ಲಿ ಸಿಂಧನೂರಿನಲ್ಲಿ ಅಣ್ಣನ ಕಾಲು ಮುರಿಯಿತು. ಅಣ್ಣನ ಅಂಗಡಿ ನೋಡಿಕೊಳ್ಳಲು ಹೋದ ಅಮರಗುಂಡಪ್ಪ ಎರಡು ತಿಂಗಳು ಕಳೆದು ನಿನ್ನೆ ಸಂಜೆಯ ಬಸ್ಸಿಗಷ್ಟೇ ಬಂದಿದ್ದ. ಈಗ ನೋಡಿದರೆ ಬುಟ್ಟಿಯೊಳಗೆ ಇಟ್ಟಿಗೆ ಕೆಂಪು ತಲೆಯ, ಕಣ್ಣಿನಿಂದ ಕತ್ತಿನವರೆಗೆ ಹಸಿರು ಪಟ್ಟೆಯ, ಬೂದಿ ರೇಷ್ಮೆಯಂಥ ಮೈಯ ಶೋಕಿಲಾಲ ಕೂತಿದೆ!

"ಏ ಪಂಪಮ್ಮ! ನಮ್ಮ ಹಕ್ಕಿ ಎಲ್ಲಿ?"

"ಕಣ್ಣು ಕಾಣವಲ್ಲವೇನ್ರಿ? ಅದs ಹಕ್ಕಿ. ದಿನಾ ನಾನs ನುಚ್ಚು ಹಾಕೀನಿ" ಎಂದಳು ಹೆಂಡತಿ ಪಂಪಮ್ಮ, ಹೋಳಿಗೆಯ ಹೂರಣ ಅರೆಯುತ್ತಲೇ.

"ಅದರ ಬಣ್ಣ?"

"ಉಂಡುಟ್ಟು ಬಣ್ಣ ಬಂದೈತಿ."

ಅಮರಗುಂಡಪ್ಪ ನಂಬಲಿಲ್ಲ. ತಾನೂ ಐವತ್ತು ವರ್ಷ ಉಂಡಿದ್ದಾನೆ, ತನ್ನ ತಲೆಗೆ ಯಾವ ಬಣ್ಣವೂ ಬಂದಿಲ್ಲ. ಅವನ ಕಣ್ಣು ಪಕ್ಕದ ಮನೆಯ ಗೋಡೆಯ ಕಡೆ ಹೊರಳಿತು. ಪಕ್ಕದ ಮನೆಯ ಆದಪ್ಪನಿಗೆ ಇದೇ ವರನ ಮೇಲೆ ಕಣ್ಣಿತ್ತು, ಅವನಿಗೂ ಮದುವೆಗೆ ಬಂದ ಮಗಳಿದ್ದಳು. ಗೋಡೆ ಹಾರಿ ಹಕ್ಕಿ ಬದಲಿಸಿದವನು ಅವನೇ, ಅನುಮಾನವೇ ಇಲ್ಲ! ಬೀಗರು ಬಂದು 'ನನ್ನ ಹಕ್ಕಿ ಏನು ಮಾಡಿದಿರಿ' ಅಂದರೆ ಮುಗಿಯಿತು, ಮಗಳ ನಿಶ್ಚಯ ಅಲ್ಲಿಗೇ ಮುರಿಯುತ್ತದೆ.

ಅವನು ಶಲ್ಯ ಹೊದ್ದು ನೇರ ಕೆರೆಯ ಕಡೆಗೆ ನಡೆದ. ಅಲ್ಲಿ ಬಲೆ ಹಾಕಿ ಹಕ್ಕಿ ಹಿಡಿಯುವ ದಾವಲ್‌ಸಾಬನ ಗುಡಿಸಲು.

"ದಾವಲ್‌ಸಾಬ, ಒಂದು ಸಣ್ಣ ಬಾತುಕೋಳಿ ಬೇಕಿತ್ತು. ಗುಬ್ಬಿ ಬಣ್ಣದ್ದು."

ದಾವಲ್‌ಸಾಬ್ ಅವನ ಹಣೆಯ ವಿಭೂತಿಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದ. "ಯಾ ಅಲ್ಲಾ! ಸೌಕಾರ್ರ, ನೀವಾ?"

"ಮೆಲ್ಲಕ ಮಾತಾಡೋ ಮಾರಾಯಾ!"

"ಆತ್ರಿ. ಆದ್ರ ಈಗ ಸಂಕ್ರಾಂತಿ ದಾಟೈತಿ. ಈ ದಿನದಾಗ ಗುಬ್ಬಿ ಬಣ್ಣದ್ದು ಅಂದ್ರ…"

"ಪುರಾಣ ಬ್ಯಾಡ. ಲಗೂನ ಕೊಡು!"

ಶಲ್ಯದೊಳಗೆ ಹಕ್ಕಿ ಅವುಚಿಕೊಂಡು ಓಣಿಗೆ ತಿರುಗಿದರೆ ಎದುರಿಗೇ ಆದಪ್ಪ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಸುಂಕದ ಕಟ್ಟೆಯ ಕೆಲಸ ಹೋಗಿ ಮೂರು ವರ್ಷವಾಗಿದ್ದರೂ ಇನ್ನೊಬ್ಬರ ಗಂಟು ಇಣುಕುವ ಚಟವನ್ನು ಅವನು ಬಿಟ್ಟಿರಲಿಲ್ಲ.

"ಏನೋ ಅಮರಗುಂಡಪ್ಪ, ದಾವಲ್‌ಸಾಬನ ಗುಡಿಸಲ ಕಡಿಂದ ಬರಾಕತ್ತಿ? ಶಲ್ಯೆದಾಗ ಏನೈತಿ?"

"ಸಕ್ಕರಿ."

"ಸಕ್ಕರಿ ಮಿಸುಕಾಡಾಕತ್ತೈತಲ್ಲೋ!"

ಅಮರಗುಂಡಪ್ಪ ಶಲ್ಯವನ್ನು ಬಿಗಿಹಿಡಿದು ಮನೆ ಸೇರಿದ. ಗುಬ್ಬಿ ಬಣ್ಣದ್ದನ್ನು ಬುಟ್ಟಿಗೆ ಹಾಕಿ ಕೆಂಪು ತಲೆಯದನ್ನು ಅಂಗಳಕ್ಕೆ ಬಿಟ್ಟ. ಅದು ಓಡಲಿಲ್ಲ, ತಡವರಿಸಲಿಲ್ಲ. ನಿಂತಲ್ಲಿಂದಲೇ ನೆಟ್ಟಗೆ ಮೇಲಕ್ಕೆ ಚಿಮ್ಮಿ ಕೆರೆಯ ದಿಕ್ಕಿಗೆ ಹಾರಿತು. 'ಪೀಡೆ ತೊಲಗಿತು' ಎಂದು ಅವನು ನೆಮ್ಮದಿಯಿಂದ ಸ್ನಾನಕ್ಕೆ ಹೋದ.

ಮಧ್ಯಾಹ್ನ ಬೀಗರು ಬಂದರು. ಕರೆಯದಿದ್ದರೂ ಆದಪ್ಪ ಬಂದು ಎಲ್ಲರಿಗಿಂತ ಮುಂದೆ ಕೂತ. ಸಕ್ಕರೆ ತಟ್ಟೆ ಮುಟ್ಟುವ ಮೊದಲು ಬಸವಂತರಾಯರು, "ಮೊದಲ ನಮ್ಮ ಹಕ್ಕಿ ತೋರಿಸ್ರಿ" ಅಂದರು. ಅಮರಗುಂಡಪ್ಪ ಹೆಮ್ಮೆಯಿಂದ ಬುಟ್ಟಿ ತಂದು ನಡುಮನೆಯಲ್ಲಿಟ್ಟ. ಪಂಪಮ್ಮ ಕಣ್ಣರಳಿಸಿ ಬಾಯಿ ತೆರೆದಳು, ಗಂಡ ಕಣ್ಣಲ್ಲೇ ಗದರಿಸಿದ.

ಬಸವಂತರಾಯರ ಹುಬ್ಬು ಗಂಟಾಯಿತು. "ಇದಿನ್ನೂ ಗುಬ್ಬಿ ಬಣ್ಣದಾಗs ಐತಲ್ಲ? ನಾ ಕೊಟ್ಟಿದ್ದು ಗಂಡು. ಇವು ಚಳಿಗಾಲಕ್ಕ ದೂರದಿಂದ ಇಲ್ಲಿಗೆ ಬಂದ ಹೊಸದರಾಗ ಗಂಡು ಹೆಣ್ಣು ಎರಡೂ ಒಂದs ಬಣ್ಣ ಇರ್ತಾವ. ಸಂಕ್ರಾಂತಿ ಅನ್ನೂದ್ರಾಗ ಗಂಡಿಗೆ ಕೆಂಪು ತಲಿ, ಹಸರು ಪಟ್ಟಿ ಬರಬೇಕು. ನಂದು ಸಿಳ್ಳು ಹಾಕ್ತಿತ್ತು. ಸಿಳ್ಳು ಹಾಕೂದು ಗಂಡು, ಒದರೂದು ಹೆಣ್ಣು."

ಬುಟ್ಟಿಯೊಳಗಿಂದ "ಕ್ವ್ಯಾಕ್!" ಎಂದಿತು.

ಅಮರಗುಂಡಪ್ಪ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡ. ಅಯ್ಯೋ, ಹೆಂಡತಿಯ ಮಾತು ಕೇಳಬಾರದಿತ್ತೇ! "ಅದು… ಮುಂಜಾನಿ ಹಾರಿ ಹೋತ್ರಿ."

"ಹಾರಿ ಹೋದ್ರ ಇದೆಲ್ಲಿಂದ ಬಂತು?"

"ದಾವಲ್‌ಸಾಬನ ಕಡಿಂದ!" ಎಂದ ಆದಪ್ಪ. "ನಾನs ಕಂಡೀನಿ. ಒಂದು ಹೊಟ್ಟಿಗೆ ಹೋಗೈತಿ, ಒಂದು ಬುಟ್ಟಿಗೆ ಬಂದೈತಿ."

ಎಲ್ಲರೂ ಅಮರಗುಂಡಪ್ಪನ ಹೊಟ್ಟೆಯನ್ನೇ ನೋಡಿದರು. ಸಿಂಧನೂರಿನಲ್ಲಿ ಅತ್ತಿಗೆ ಬಡಿಸಿದ ತುಪ್ಪದಿಂದ ಅದು ಎರಡು ತಿಂಗಳಲ್ಲಿ ತುಸು ಮುಂದಕ್ಕೆ ಬಂದಿತ್ತು.

"ಈ ಲಿಂಗದಾಣೆ, ತಿಂದಿಲ್ರಿ! ಅದು ಜೀವಂತ ಐತಿ!"

ಬಸವಂತರಾಯರ ಮುಖ ಸ್ವಲ್ಪ ಸಡಿಲವಾಯಿತು. ಅವನು ಹೇಳುವುದು ಖರೆ ಇದ್ದರೂ ಇರಬಹುದು ಎಂದು ಅವರಿಗೆ ಅನಿಸುತ್ತಿರುವಾಗಲೇ ಹೊರಗಿನಿಂದ ದಾವಲ್‌ಸಾಬನ ದನಿ ಕೇಳಿತು.

"ಸೌಕಾರ್ರ!" ಅವನ ಕಂಕುಳಲ್ಲಿ ಕೆಂಪು ತಲೆಯ ಹಕ್ಕಿ. "ನೀವು ಒಯ್ದಿದ್ದರಾಗ ಮಾಂಸ ಇಲ್ರಿ. ಇದು ಈಗ ಬಲಿಗೆ ಬಿತ್ತು. ನುಚ್ಚು ಉಗ್ಗಿದ್ರ ಮನಿ ಕೋಳಿ ಬಂದಂಗ ತಾನs ಬಂತು. ಭಾಳ ಪುಷ್ಟಿ ಐತಿ. ನಿಮಗ ರೂಢಿ ಇಲ್ಲ, ಹಿತ್ತಲದಾಗ ನಾನs ಕೊಯ್ದು ಕೊಡ್ಲೇನ್ರಿ?"

ಬಸವಂತರಾಯರು ಎದ್ದು ಹಕ್ಕಿಯನ್ನು ಇಸಿದುಕೊಂಡು ರೆಕ್ಕೆ ಬಿಡಿಸಿದರು. ಹಳೆಯ ಗಾಯದ ಕಲೆ ಇತ್ತು. ಹಕ್ಕಿಯನ್ನು ಎದೆಗವಚಿಕೊಂಡು, ಚಪ್ಪಲಿ ಮೆಟ್ಟಿ, ಚಕ್ಕಡಿ ಹತ್ತಿದರು. ಅವರ ಕೈಯೊಳಗಿಂದ ಅದು ಒಂದು ಸಲ ಇಂಪಾಗಿ ಸಿಳ್ಳು ಹಾಕಿತು.

ಆದಪ್ಪ ಚಕ್ಕಡಿಯ ಹಿಂದೆಯೇ ಓಡಿದ. "ರಾಯರ, ಬಿಸಲಾಗ ಹೊಂಟೀರಲ್ಲ! ನಮ್ಮ ಮನಿ ಇಲ್ಲೇ ಐತ್ರಿ, ಒಂದು ವಾಟೆ ಮಜ್ಜಿಗಿ ಕುಡದು ಹೋಗ್ರಿ. ಹಕ್ಕಿಗೂ ನುಚ್ಚು ಹಾಕಿಸ್ತೀನಿ!"

ಚಕ್ಕಡಿ ಪಕ್ಕದ ಮನೆಯ ಮುಂದೆ ನಿಂತಿತು. ಅಮರಗುಂಡಪ್ಪ ಸಕ್ಕರೆ ತಟ್ಟೆಯ ಮುಂದೆ ಕುಸಿದು ಕೂತ.

"ಅದs ಹಕ್ಕಿ ಅಂತ ನಾ ಮುಂಜಾನಿನs ಹೇಳಿದ್ದೆ" ಎಂದಳು ಪಂಪಮ್ಮ ಕಣ್ಣೊರೆಸಿಕೊಳ್ಳುತ್ತ.

"ಕ್ವ್ಯಾಕ್" ಎಂದಿತು ಬುಟ್ಟಿ.